ದೆಹಲಿಯಲ್ಲಿ ಜಪಾನಿ ಬಿ.ಎ.: ಅರ್ಜಿಯಿಂದ ಪದವಿಯವರೆಗೆ ಮೂರು ವರ್ಷ

ಜಪಾನಿ ಭಾಷೆ ಮತ್ತು ಸಾಹಿತ್ಯದಲ್ಲಿ ಮೂರು ವರ್ಷದ ಬಿ.ಎ. ಆನರ್ಸ್ ಮುಗಿಸಿ, ಎರಡು ಟ್ರಂಕು ಮತ್ತು ಒಂದು ಗೋಣಿಚೀಲದ ತುಂಬ ಪುಸ್ತಕಗಳನ್ನು ಹೊತ್ತು 2025ರ ಜುಲೈನಲ್ಲಿ ದೆಹಲಿಯಿಂದ ಊರಿಗೆ ಮರಳಿದೆ. ಊರೆಂದರೆ ತುಮಕೂರು ಜಿಲ್ಲೆಯ, ತೆಂಗಿನ ತೋಟಗಳ ನಡುವಿನ ಒಂದು ಹಳ್ಳಿ. ಬಂದ ವಾರದಿಂದಲೇ ಪಿಯುಸಿ ಓದುತ್ತಿರುವ ಮಕ್ಕಳ ತಂದೆತಾಯಿಯರು ಫೋನ್ ಮಾಡಿ, ಇದಕ್ಕೆ ಸೇರುವುದು ಹೇಗೆ, ಖರ್ಚು ಎಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ. ಅವರಿಗೆಲ್ಲ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ. ನಾನು ಓದಿದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಕಿಲ್ಲ. ಅದೊಂದು ಕೇಂದ್ರೀಯ ವಿಶ್ವವಿದ್ಯಾಲಯ ಎಂದರೆ ಸಾಕು.

ಈ ಆಸೆ ಹುಟ್ಟಿದ್ದು ಭಾವ ತಂದ ಒಂದು ಹಾಳೆಯಿಂದ. ಅವರು ಬಿಡದಿಯ ಕಡೆ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಗೋಡೆಗೆ ಅಂಟಿಸಿದ್ದ, ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಜಪಾನಿ ‘ಐದು ಎಸ್’ ನಿಯಮಗಳನ್ನು ಬಾಯಿಪಾಠ ಮಾಡಲು ಯಾರೋ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದರು: ಸೈರಿ, ಸೈಟಾನ್, ಸೈಸೊ, ಸೈಕೆಟ್ಸು, ಶಿಟ್ಸುಕೆ. ಅದನ್ನು ನಾನು ಮಗ್ಗಿಯಂತೆ ಓದಿ ಒಪ್ಪಿಸುತ್ತಿದ್ದೆ. ಉಚ್ಚಾರಣೆ ಅರ್ಧಕ್ಕರ್ಧ ತಪ್ಪು ಎಂದು ಗೊತ್ತಾದದ್ದು ಮೊದಲ ಸೆಮಿಸ್ಟರ್‌ನಲ್ಲಿ. ಅಮ್ಮನಿಗೆ ಮಾತ್ರ ಒಂದೇ ಚಿಂತೆ: “ಅಷ್ಟು ದೂರ ಹೋಗಿ ಕಲ್ತು ಬಂದು, ಇಲ್ಲಿ ಯಾರ ತಾವ ಮಾತಾಡ್ತೀಯೇ ಅದ್ನ?”

ಬೆಂಗಳೂರಿನಲ್ಲಿಯೇ ಜಪಾನಿಯ ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ತರಗತಿಗಳು ಇವೆ. ಕೆಲಸಕ್ಕಾಗಿ ಭಾಷೆ ಮಾತ್ರ ಬೇಕು ಎನ್ನುವವರಿಗೆ ಅಷ್ಟು ಸಾಕು, ಮೂರು ವರ್ಷ ಊರು ಬಿಡಬೇಕಾಗಿಲ್ಲ. ಪೂರ್ಣ ಪದವಿಯೇ ಬೇಕೆಂದು ನಾನು ಹೊರಗೆ ಹೋದೆ. ದೆಹಲಿಯಲ್ಲದೆ ಶಾಂತಿನಿಕೇತನದ ವಿಶ್ವಭಾರತಿಯೂ ಇದೆ. 1937ರಲ್ಲಿ ಪ್ರಾರಂಭವಾದ ಚೀನಾ ಭವನದ ಜೊತೆಗೆ ಅಲ್ಲಿ ಜಪಾನಿಗೆಂದೇ ನಿಪ್ಪೋನ್ ಭವನವಿದೆ. ಇನ್ನೊಂದು ವಿಷಯವನ್ನು ಸೇರುವ ಮೊದಲೇ ತಿಳಿದಿರಬೇಕು: ಇದು ಮಾತು ಕಲಿಸುವ ಕೋರ್ಸ್ ಅಲ್ಲ. ಕೊನೆಯ ವರ್ಷದ ಹೆಚ್ಚಿನ ಪಾಲು ಸಾಹಿತ್ಯ, ಇತಿಹಾಸ ಮತ್ತು ಅನುವಾದದ್ದು. ಇದು ಗೊತ್ತಿಲ್ಲದೆ ಬಂದ ನನ್ನ ಮೂವರು ಸಹಪಾಠಿಗಳು ಎರಡನೇ ವರ್ಷಕ್ಕೆ ಬಿಟ್ಟು ಹೋದರು.

2022 ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿಯ ಮೊದಲ ವರ್ಷ. ನನ್ನ ಕೋರ್ಸಿಗೆ ಬೇಕಿದ್ದದ್ದು ಇಂಗ್ಲಿಷ್ ಭಾಷೆಯ ಪತ್ರಿಕೆ ಮತ್ತು ಜನರಲ್ ಟೆಸ್ಟ್ ಎಂಬ ಪತ್ರಿಕೆ, ಎರಡೇ. ಜಪಾನಿಯ ಒಂದಕ್ಷರವೂ ಮುಂಚೆ ಬರಬೇಕಾಗಿರಲಿಲ್ಲ. ಈ ಪರೀಕ್ಷೆಯನ್ನು ಬರೆಯಬಹುದಾದ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು, ಹಾಗಾಗಿ ಜನರಲ್ ಟೆಸ್ಟನ್ನು ನಾನು ಕನ್ನಡದಲ್ಲೇ ತೆಗೆದುಕೊಂಡೆ. ಯಾವ ಕೋರ್ಸಿಗೆ ಯಾವ ಪತ್ರಿಕೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಿ. ಹಿಂದಿನ ವರ್ಷದವರ ಮಾತನ್ನು ನಂಬಬೇಡಿ, ನನ್ನದನ್ನೂ ಸೇರಿಸಿ. ಆ ವರ್ಷ ಪರೀಕ್ಷೆ ಆಗಸ್ಟ್ ಕೊನೆಯವರೆಗೂ ನಡೆದು, ಫಲಿತಾಂಶ ಬಂದದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಅಷ್ಟರಲ್ಲಿ ಊರಿನ ಗೆಳತಿಯರೆಲ್ಲ ಡಿಗ್ರಿ ಕಾಲೇಜಿಗೆ ಸೇರಿ ಯೂನಿಫಾರ್ಮ್ ಹೊಲಿಸಿಕೊಂಡಿದ್ದರು. ಎಲ್ಲೂ ಸೇರದೆ ಮನೆಯಲ್ಲಿ ಕುಳಿತ ಆ ಎರಡು ತಿಂಗಳು ನಿಜಕ್ಕೂ ಕಷ್ಟದ್ದು, ಯಾಕೆಂದರೆ ಎದುರಿಗೆ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

ಕಾಯುವುದಕ್ಕಿಂತ ಹೆಚ್ಚು ಕಾಡಿದ್ದು ಕಾಗದಪತ್ರ. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ ಜಾತಿ ಮತ್ತು ಆದಾಯ ಪ್ರಮಾಣಪತ್ರವು ರಾಜ್ಯದ ಪ್ರವರ್ಗಗಳಿಗೆ ಸಂಬಂಧಿಸಿದ್ದು. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರ ಪಟ್ಟಿಯ ಒಬಿಸಿ ಪ್ರಮಾಣಪತ್ರ ಬೇರೆಯೇ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂಬ ಒಕ್ಕಣೆಯೊಂದಿಗೆ, ಆ ಆರ್ಥಿಕ ವರ್ಷದ ದಿನಾಂಕದಲ್ಲಿ ಬೇಕು. ಕಚೇರಿಯಲ್ಲಿ ಮೊದಲ ಸಲ ಹಳೆಯದನ್ನೇ ಮತ್ತೆ ಅಚ್ಚು ಹಾಕಿ ಕೊಟ್ಟರು. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಅಪ್ಪ ತೋಟದ ಕೆಲಸ ಬಿಟ್ಟು ಜೊತೆಗೆ ಬಂದು, ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕುಳಿತಿದ್ದು, ಕೊನೆಗೆ ಕೈಯಲ್ಲಿ ಹಿಡಿದೇ ಎದ್ದರು. ನಿಮ್ಮ ಸಮುದಾಯ ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ಅದನ್ನು ನೋಡಿಕೊಂಡು, ಏಪ್ರಿಲ್ ತಿಂಗಳಲ್ಲಿಯೇ ಅರ್ಜಿ ಹಾಕಿಬಿಡಿ. ಪಿಯುಸಿ ಮಾರ್ಕ್ಸ್ ಕಾರ್ಡ್ ಮತ್ತು ಟಿ.ಸಿ. ಸುಲಭ. ಆದರೆ ರಾಜ್ಯದ ಹೊರಗೆ ಸೇರುವವರಿಗೆ ಬೇಕಾಗುವ ಮೈಗ್ರೇಷನ್ ಸರ್ಟಿಫಿಕೇಟಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕಾಯುವಿಕೆ. ನಾನು ಅದಿಲ್ಲದೆಯೇ ಹೋಗಿ, ಇಂಥ ದಿನಾಂಕದೊಳಗೆ ಸಲ್ಲಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟು ಸೇರಿದೆ.

ನಮ್ಮ ಕಡೆಯವರಿಗೆ ಮಾತ್ರ ಎದುರಾಗುವ ಇನ್ನೊಂದು ತೊಡಕು ಇನಿಶಿಯಲ್ಲಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಅಕ್ಷರಗಳಿವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಆಧಾರ್‌ನಲ್ಲಿ ಒಂದೇ ಇತ್ತು. ಅರ್ಜಿಯ ನಮೂನೆಯಾದರೋ ಮೊದಲ ಹೆಸರು, ಮನೆತನದ ಹೆಸರು ಎಂದು ಎರಡು ಖಾನೆ ತೋರಿಸುತ್ತಿತ್ತು. ಒಂದೊಂದು ಕಡೆ ಒಂದೊಂದು ರೀತಿ ತುಂಬಿದ ತಪ್ಪಿಗೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಎರಡು ತಿಂಗಳು ತೆತ್ತೆ. ಹೆಸರು ಎಲ್ಲ ಕಡೆ ಒಂದೇ ಆಗುವವರೆಗೆ ಬೇರೆ ಯಾವ ಅರ್ಜಿಯನ್ನೂ ಹಾಕದಿರುವುದು ಒಳ್ಳೆಯದು.

ಮೊದಲ ಪಟ್ಟಿಯಲ್ಲಿ ನನಗೆ ಸಿಕ್ಕಿದ್ದು ಪರ್ಷಿಯನ್. ಭಾಷೆಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವಾಗ ಜಪಾನಿಯನ್ನು ಮೊದಲು, ಚೀನಿಯನ್ನು ಎರಡನೆಯದಾಗಿ, ಕೊರಿಯನ್ನನ್ನು ಮೂರನೆಯದಾಗಿ ಬರೆದಿದ್ದೆ. ಕೆಳಗಿನ ಆಯ್ಕೆ ಸಿಕ್ಕಿತೆಂದು ಸುಮ್ಮನಾಗಬಾರದು. ಶುಲ್ಕ ಕಟ್ಟಿ ಸೀಟನ್ನು ಹಿಡಿದಿಟ್ಟುಕೊಂಡು ಮೇಲಿನದಕ್ಕೆ ಕಾಯಬಹುದು ಎಂದು ಹಿರಿಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಹೇಳಿದ್ದರಿಂದ ಬಚಾವಾದೆ. ಮೂರನೇ ಪಟ್ಟಿಯಲ್ಲಿ ಜಪಾನಿ ಬಂತು. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರ್‌ನಲ್ಲಿ ಎರಡು ರಾತ್ರಿ ಕಳೆದು ನವೆಂಬರ್ ಮೊದಲ ವಾರ ದೆಹಲಿಯಲ್ಲಿ ಇಳಿದೆ. ಕಾಲೇಜಿನ ಶುಲ್ಕ ಹಗುರವಾಗಿತ್ತು, ಆದರೆ ಹಾಸ್ಟೆಲ್ ಸಿಗುವವರೆಗೆ ದಕ್ಷಿಣ ದೆಹಲಿಯಲ್ಲಿ ಇಬ್ಬರು ಸೇರಿ ಒಂದು ಕೋಣೆ ಹಿಡಿಯಬೇಕಾಯಿತು. ನನ್ನ ಪಾಲಿಗೆ ಬಾಡಿಗೆಯೇ ತಿಂಗಳಿಗೆ 6,500 ರೂಪಾಯಿ. ನಾಲ್ಕು ತಿಂಗಳ ನಂತರ ಹಾಸ್ಟೆಲ್ ಸಿಕ್ಕಿತು, ಅಲ್ಲಿ ಊಟದ ಖರ್ಚೂ ಸೇರಿ ಅದರ ಅರ್ಧದಷ್ಟಾಯಿತು. ಮೊದಲ ವರ್ಷ ಮನೆಯಿಂದ ಹೋದ ಹಣದಲ್ಲಿ ಓದಿಗಿಂತ ರಜಾಯಿ, ಸ್ವೆಟರ್, ನೀರು ಕಾಯಿಸುವ ರಾಡ್ ಇವುಗಳ ಪಾಲೇ ದೊಡ್ಡದು.

ಇನ್ನು ಪಾಠದ ವಿಚಾರ. ತರಗತಿಯಲ್ಲಿ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಹಿಂದಿಯಲ್ಲಿ. ನನಗೆ ಎರಡೂ ಅರೆಬರೆ. ಮೊದಲ ಎರಡು ವಾರ ರಾತ್ರಿ ಅಳುತ್ತಿದ್ದೆ. ಮೂರನೇ ವಾರ ಹಿರಗಾನಾ ಅಕ್ಷರಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ನೋಡುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳು ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯದೇ ಕ್ರಮ! ವಿಚಾರಿಸಿದಾಗ ಮೇಷ್ಟ್ರು ಹೌದೆಂದರು: ಬೌದ್ಧ ಭಿಕ್ಷುಗಳ ಮೂಲಕ ಹೋದ ಸಿದ್ಧಂ ಲಿಪಿ ಮತ್ತು ಸಂಸ್ಕೃತದ ಧ್ವನಿಶಾಸ್ತ್ರದಿಂದ ಬಂದ ಜೋಡಣೆ ಅದು. ‘ಸ’ ಕುಳಿತಿರುವುದು ಚವರ್ಗದ ಜಾಗದಲ್ಲಿ, ‘ಹ’ ಕುಳಿತಿರುವುದು ಪವರ್ಗದ ಜಾಗದಲ್ಲಿ, ಏಕೆಂದರೆ ಇಂದಿನ ಹಕಾರ ಹಿಂದೆ ಪಕಾರವಾಗಿತ್ತು. ಹಳಗನ್ನಡದ ಪಾಲು ಹಾಲಾದದ್ದು, ಪೂ ಹೂವಾದದ್ದು ಗೊತ್ತಿದ್ದ ನನಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

ಅಂದಿನಿಂದ ನೋಟ್ಸನ್ನು ಕನ್ನಡದಲ್ಲಿ ಬರೆಯಲು ಶುರು ಮಾಡಿದೆ, ಮತ್ತು ಈ ಮೂರು ವರ್ಷಗಳಲ್ಲಿ ನಾನು ಮಾಡಿದ ಜಾಣತನದ ಕೆಲಸ ಬಹುಶಃ ಅದೊಂದೇ. ಜಪಾನಿಯಲ್ಲಿ ‘ಕೊಕೊ’ ಎಂದರೆ ಇಲ್ಲಿ, ‘ಕೋಕೋ’ ಎಂದರೆ ಪ್ರೌಢಶಾಲೆ. ಹಿಂದಿ ಬರಹದಲ್ಲಿ ಹ್ರಸ್ವ ಒಕಾರಕ್ಕೆ ಬೇರೆ ಗುರುತಿಲ್ಲದ್ದರಿಂದ ಸಹಪಾಠಿಗಳು ಎರಡನ್ನೂ ಒಂದೇ ರೀತಿ ಬರೆದು ಒದ್ದಾಡುತ್ತಿದ್ದರು. ನನಗೆ ಅದು ಒಂದು ದೀರ್ಘದ ಲೆಕ್ಕ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆ ಚೀಟಿ. ನಡುವೆ ಇರುವುದು ಒಂದು ಒತ್ತಕ್ಷರ. ಹೈಕು ಎಂಬ ಪುಟ್ಟ ಜಪಾನಿ ಪದ್ಯದ ಐದು, ಏಳು, ಐದು ಎಂಬ ಎಣಿಕೆ ಹೇಗೆಂದು ಅವರೆಲ್ಲ ಬೆರಳು ಮಡಚುತ್ತಿದ್ದಾಗ ನಾನು ಹೈಸ್ಕೂಲಿನಲ್ಲಿ ಕಲಿತಂತೆ ಪ್ರಸ್ತಾರ ಹಾಕಿದೆ: ಟೋಕ್ಯೋ ಎರಡು ಗುರು, ನಾಲ್ಕು ಮಾತ್ರೆ, ನಿಪ್ಪೊನ್ ಕೂಡ ಎರಡು ಗುರು, ನಾಲ್ಕು ಮಾತ್ರೆ. ಸರಿಹೋಯಿತು.

ವ್ಯಾಕರಣದಲ್ಲಂತೂ ಕೆಲವು ದಿನ ಪುಸ್ತಕವೇ ಬೇಡವೆನ್ನಿಸಿತು. ಕರ್ತೃ, ಕರ್ಮ, ಕ್ರಿಯೆ ಎಂಬ ಅನುಕ್ರಮ ಒಂದೇ. ಪ್ರತ್ಯಯ ನಾಮಪದದ ಹಿಂದೆಯೇ ಬರುತ್ತದೆ. ‘ನಿನ್ನೆ ನಾನು ಓದಿದ ಪುಸ್ತಕ’ ಎಂಬುದನ್ನು ಪದದ ಮೇಲೆ ಪದ ಇಟ್ಟು ‘ಕಿನೋ ವತಶಿ ಗ ಯೊಂದ ಹೊನ್’ ಎನ್ನಬಹುದು. ಅದಕ್ಕೂ ಮಿಗಿಲಾದದ್ದು ಸಹಾಯಕ ಕ್ರಿಯಾಪದಗಳು. ‘ತಬೆತೆ ಮಿರು’ ಎಂದರೆ ತಿಂದು ನೋಡುವುದು, ‘ಮಿರು’ ಎಂದರೂ ನೋಡುವುದೇ. ‘ಕಯಿತೆ ಒಕು’ ಎಂದರೆ ಬರೆದಿಡುವುದು, ‘ಒಕು’ ಎಂದರೂ ಇಡುವುದೇ. ‘ತಬೆತೆ ಶಿಮತ್ತ’ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕಾಯಿತು; ಕನ್ನಡದಲ್ಲಿ ‘ತಿಂದುಬಿಟ್ಟೆ’ ಎಂದರೆ ಮುಗಿಯಿತು, ಆ ಪಶ್ಚಾತ್ತಾಪವೂ ಸೇರಿ. ‘ಬರುತ್ತೇನೆ ಅಂತ ಹೇಳಿದ’ ಎಂಬಲ್ಲಿ ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ತೊ’ ಇದೆ. ದಯವಿಟ್ಟು ಇಂಗ್ಲಿಷಿನ ಮೂಲಕ ಸುತ್ತಿಬಳಸಿ ಹೋಗಬೇಡಿ.

ಕಾಂಜಿ ಎಂಬ ಚಿತ್ರಲಿಪಿಗೆ ಮಾತ್ರ ಕನ್ನಡದ ಸಹಾಯವಿಲ್ಲ, ಅಲ್ಲಿ ಎಲ್ಲರೂ ಸಮಾನರು. ದಿನಬಳಕೆಗೆಂದು ಜಪಾನ್ ಸರ್ಕಾರ ಗುರುತಿಸಿರುವ ಚಿತ್ರಲಿಪಿಯ ಅಕ್ಷರಗಳು 2,136. ಮನುಷ್ಯನ ಪಕ್ಕ ಮರ ನಿಂತರೆ ವಿಶ್ರಾಂತಿ ಎಂಬಂಥವು ಮೊದಲ ತಿಂಗಳು ಖುಷಿ ಕೊಡುತ್ತವೆ. ಆಮೇಲೆ ‘ಬದುಕು’ ಎಂಬರ್ಥದ ಒಂದೇ ಅಕ್ಷರವನ್ನು ಸಂದರ್ಭ ನೋಡಿಕೊಂಡು ಸೇ, ಶೋ, ಇಕಿರು, ಉಮರೆರು, ನಮ, ಹಯೆರು ಎಂದೆಲ್ಲ ಓದಬೇಕಾಗಿ ಬಂದಾಗ ಪೆನ್ನು ಕೆಳಗಿಡಬೇಕೆನಿಸುತ್ತದೆ. ಪ್ರಬಂಧ ಬರೆಯುವುದು ನಾನೂರು ಚೌಕಗಳ ಹಾಳೆಯಲ್ಲಿ, ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ಪೂರ್ಣವಿರಾಮಕ್ಕೂ ಒಂದು ಚೌಕ, ಒತ್ತನ್ನು ಸೂಚಿಸುವ ಪುಟ್ಟ ‘ತ್ಸು’ವಿಗೂ ಒಂದು ಚೌಕ, ಪ್ಯಾರಾದ ಮೊದಲು ಒಂದು ಖಾಲಿ ಚೌಕ. ನನ್ನ ಮೊದಲ ಪ್ರಬಂಧ ತೆಂಗಿನಕಾಯಿ ಕೆಡವುವುದರ ಬಗ್ಗೆ. ಖಾಲಿ ಚೌಕ ಬಿಟ್ಟಿಲ್ಲವೆಂದು ಇಡೀ ಹಾಳೆಯನ್ನು ಮತ್ತೆ ಬರೆಸಿದರು. ದಿನಕ್ಕೆ ಹತ್ತು ಅಕ್ಷರ, ಬೆಳಗ್ಗೆ ಮೆಸ್ಸಿಗೆ ಹೋಗುವ ಮೊದಲು: ಇದನ್ನು ತಪ್ಪಿಸದವರು ಮಾತ್ರ ಉಳಿದುಕೊಂಡರು.

ಪದವಿಯ ಅಂಕಪಟ್ಟಿ ಬೇರೆ, ಕೆಲಸ ಕೊಡುವವರು ಕೇಳುವ, ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಜೆಎಲ್‌ಪಿಟಿ ಬೇರೆ. ಎಲ್ಲಕ್ಕಿಂತ ಸುಲಭದ ಎನ್5ರಿಂದ ಎಲ್ಲಕ್ಕಿಂತ ಕಷ್ಟದ ಎನ್1ರವರೆಗೆ ಐದು ಹಂತಗಳಿರುವ ಈ ಪರೀಕ್ಷೆ ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ನೋಂದಣಿ ಕೆಲವೇ ದಿನ ತೆರೆದಿರುತ್ತದೆ, ನನಗೆ ಒಂದು ಸಲ ಎರಡನೇ ದಿನವೇ ಸೀಟು ತುಂಬಿದೆ ಎಂಬ ಉತ್ತರ ಸಿಕ್ಕಿತು. 2023ರ ಡಿಸೆಂಬರಿನಲ್ಲಿ ಎನ್3 ಬರೆದೆ. 180ಕ್ಕೆ 95 ಬಂದರೆ ಪಾಸು. ನನಗೆ ಬಂದದ್ದು 101. ಆದರೂ ಫೇಲು. ಪ್ರತಿ ವಿಭಾಗದಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು, ಕೇಳಿ ಉತ್ತರಿಸುವ ವಿಭಾಗದಲ್ಲಿ ನನ್ನದು 17. ಓದಿ ಬರೆದು ಮಾಡುವುದರಲ್ಲಿ ಮುಳುಗಿದ್ದ ನಾನು ಕಿವಿಯನ್ನು ಮರೆತಿದ್ದೆ. ಲಾಜಪತ್ ನಗರದಲ್ಲಿರುವ ಜಪಾನ್ ಫೌಂಡೇಶನ್ ಗ್ರಂಥಾಲಯಕ್ಕೆ ಪ್ರತಿ ಶನಿವಾರ ಹೋಗಿ ಕೂರಲಾರಂಭಿಸಿದ್ದು ಆಮೇಲೆಯೇ. ಮುಂದಿನ ಜುಲೈನಲ್ಲಿ ಎನ್3 ದಾಟಿತು.

ಎರಡನೇ ವರ್ಷದಲ್ಲೇ ಇನ್ನೊಂದು ಬಾಗಿಲು ತಟ್ಟಿದೆ. ಹೊರದೇಶಗಳಲ್ಲಿ ಜಪಾನಿ ಭಾಷೆ ಮತ್ತು ಸಂಸ್ಕೃತಿ ಓದುತ್ತಿರುವ ಪದವಿ ವಿದ್ಯಾರ್ಥಿಗಳನ್ನು ಒಂದು ವರ್ಷ ಕರೆಸಿಕೊಳ್ಳುವ ವಿದ್ಯಾರ್ಥಿವೇತನ ಜಪಾನ್ ಸರ್ಕಾರದ್ದಿದೆ. ಇಲ್ಲಿ ಗಮನಿಸಬೇಕಾದದ್ದು: ಹಿಂತಿರುಗಿ ಬಂದಾಗಲೂ ನೀವು ನಿಮ್ಮ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯಾಗಿಯೇ ಉಳಿದಿರಬೇಕು. ಹಾಗಾಗಿ ಮೂರು ವರ್ಷದ ಕೋರ್ಸಿನವರು ಎರಡನೇ ವರ್ಷದಲ್ಲಿ ಅರ್ಜಿ ಹಾಕದಿದ್ದರೆ ಅವಕಾಶ ತಪ್ಪಿದಂತೆಯೇ. ಪಾಸ್‌ಪೋರ್ಟಿಗೆ 1,500 ರೂಪಾಯಿ, ವೈದ್ಯಕೀಯ ತಪಾಸಣೆಗೆ ಸುಮಾರು 1,900, ಮುಚ್ಚಿದ ಲಕೋಟೆಯಲ್ಲಿ ಶಿಫಾರಸು ಪತ್ರ, ಅಂಕಪಟ್ಟಿಯ ದೃಢೀಕೃತ ಪ್ರತಿಗಳು. ಒಂದು ಸಹಿಗಾಗಿ ಒಂದೇ ಬಾಗಿಲಿನ ಮುಂದೆ ಆರು ದಿನ ನಿಂತಿದ್ದೇನೆ. ಹೆಸರನ್ನು, ಜಪಾನಿಯಲ್ಲಿ ವಿದೇಶಿ ಹೆಸರುಗಳಿಗೆ ಬಳಸುವ ಕತಕಾನಾ ಅಕ್ಷರದಲ್ಲಿ ಬರೆಯುವಾಗ ನನ್ನ ಹೆಸರಿನ ಲಕಾರ ರಕಾರವಾಯಿತು. ಅವರಲ್ಲಿ ಎರಡಕ್ಕೂ ಒಂದೇ ಅಕ್ಷರ.

ಲಿಖಿತ ಪರೀಕ್ಷೆ ದಾಟಿ ಸಂದರ್ಶನಕ್ಕೆ ಕರೆ ಬಂತು. ಮನೆಯವರ ಬಗ್ಗೆ ಕೇಳಿದರು. “ಒಕಾಸನ್ ವ ನೋಗ್ಯೋ ಒ ನಸತ್ತೆ ಇಮಸು” ಎಂದೆ. ಅಮ್ಮನವರು ಬೇಸಾಯ ಮಾಡುತ್ತಿದ್ದಾರೆ ಎಂದು ಪೂರ್ತಿ ಗೌರವ ಸೇರಿಸಿ, ನಮ್ಮಲ್ಲಿ ಹೊರಗಿನವರ ಮುಂದೆ ಹೇಳುವ ಹಾಗೆ. ಮೇಜಿನ ಆಚೆ ಕುಳಿತಿದ್ದ ಮೂವರೂ ಸಣ್ಣಗೆ ನಕ್ಕರು. ಜಪಾನಿಯಲ್ಲಿ ಹೊರಗಿನವರ ಎದುರು ನಮ್ಮ ಮನೆಯವರಿಗೆ ಗೌರವವಾಚಕ ಹಚ್ಚುವುದು ತಪ್ಪು. ಅಲ್ಲಿ ಅಮ್ಮ ‘ಹಹ’ ಮಾತ್ರ, ಕ್ರಿಯಾಪದವೂ ಸಾದಾ. ಇದನ್ನು ಪಾಠದಲ್ಲಿ ಓದಿ ಅಂಕವನ್ನೂ ತೆಗೆದಿದ್ದೆ, ಆದರೆ ಬಾಯಿ ಕೇಳಬೇಕಲ್ಲ. ಒಂದೂವರೆ ವರ್ಷ ಕೈ ಹಿಡಿದು ನಡೆಸಿದ ಕನ್ನಡ ಸರಿಯಾಗಿ ಆ ಗಳಿಗೆಯಲ್ಲಿ ಎಡವಿಸಿತು. ಅದೊಂದೇ ಕಾರಣವೋ ಏನೋ, ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅಮ್ಮನಿಗೆ ವಿಷಯ ಹೇಳಿದಾಗ, “ನಂಗೆ ಮರ್ಯಾದೆ ಕೊಟ್ಟಿದ್ದೇ ತಪ್ಪಾಯ್ತಾ?” ಎಂದು ಕೇಳಿ ತಾನೂ ನಕ್ಕಳು.

ಮೂರನೇ ವರ್ಷಕ್ಕೆ ಹಳೆಯ ಜಪಾನಿ ಬಂತು. ಹಿಂದಿನ ಬ್ಯಾಚಿನವರು ಹೆದರಿಸಿದ್ದರು. ಭೂತಕಾಲಕ್ಕೆ ಅಲ್ಲಿ ‘ಕಿ’ ಎಂದೊಂದು, ‘ಕೆರಿ’ ಎಂದೊಂದು. ಕಣ್ಣಾರೆ ಕಂಡದ್ದಕ್ಕೆ ಮೊದಲನೆಯದು, ಕೇಳಿ ತಿಳಿದದ್ದಕ್ಕೆ ಎರಡನೆಯದು ಎಂಬುದು ಸಂಪ್ರದಾಯದ ವಿವರಣೆ. ತರಗತಿಯಲ್ಲಿ ಇದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ನಾನು ನೋಟ್ಸಿನಲ್ಲಿ ‘ಇದ್ದನು’ ಮತ್ತು ‘ಇದ್ದನಂತೆ’ ಎಂದು ಎರಡು ಪದ ಬರೆದುಕೊಂಡೆ. ಒಂದೂರಿನಲ್ಲಿ ಒಬ್ಬ ರಾಜ ಇದ್ದನಂತೆ ಎಂದು ಅಜ್ಜಿ ಕಥೆ ಶುರು ಮಾಡುವ ಹಾಗೆಯೇ ಅವರ ಹಳೆಯ ಕಥೆಗಳೂ ‘ಕೆರಿ’ಯಲ್ಲಿ ಶುರುವಾಗುತ್ತವೆ. ಮಧ್ಯಯುಗದ ಯುದ್ಧಕಥನ ‘ಹೇಯ್ಕೆ ಮೊನೊಗತಾರಿ’ಯ ಮೊದಲ ಸಾಲಿನಲ್ಲಿ ಬರುವ ‘ಗಿಒನ್ ಶೋಜ’ ಎಂದರೆ ಶ್ರಾವಸ್ತಿಯ ಜೇತವನ ವಿಹಾರ ಎಂದು ಮೇಷ್ಟ್ರು ಹೇಳಿದಾಗ, ಉತ್ತರ ಪ್ರದೇಶದ ಸಹಪಾಠಿ ಅದು ತನ್ನ ಪಕ್ಕದ ಜಿಲ್ಲೆ ಎಂದು ಎದ್ದು ನಿಂತ. ಅದನ್ನು ಅಂಧ ಗಾಯಕರು ಬಿವ ಎಂಬ ವಾದ್ಯ ಹಿಡಿದು ಊರೂರಿನಲ್ಲಿ ಹಾಡುತ್ತಿದ್ದರೆಂದು ಓದಿದ ದಿನ ನಮ್ಮೂರ ದೇವಸ್ಥಾನದಲ್ಲಿ ಕೇಳಿದ ಗಮಕ ವಾಚನ ನೆನಪಾಯಿತು. ಒಂದು ಪುಟಕ್ಕೆ ಎರಡು ತರಗತಿ ಹಿಡಿಯುತ್ತಿತ್ತು. ಮೂರು ವರ್ಷಗಳಲ್ಲಿ ನನಗೆ ಅತ್ಯಂತ ಸುಖ ಕೊಟ್ಟದ್ದು ಆ ನಿಧಾನವೇ.

ಮುಗಿಸಿ ಹೊರಡುವುದೂ ಒಂದು ಪ್ರಕ್ರಿಯೆ. ಗ್ರಂಥಾಲಯ, ಹಾಸ್ಟೆಲ್, ಮೆಸ್, ವಿಭಾಗ, ಲೆಕ್ಕಪತ್ರ ಶಾಖೆ ಎಂದು ನೋ ಡ್ಯೂಸ್ ನಮೂನೆಗೆ ಸಹಿಗಳು ಬೀಳಬೇಕು, ಬಿಸಿಲ ರಜೆ ಶುರುವಾದರೆ ಸಹಿ ಹಾಕುವವರೇ ಇರುವುದಿಲ್ಲ. ಪ್ರಾವಿಷನಲ್ ಪ್ರಮಾಣಪತ್ರ ಮತ್ತು ಇಲ್ಲಿಂದ ಹೊರಗೆ ಹೋಗುವ ಮೈಗ್ರೇಷನ್ ಸರ್ಟಿಫಿಕೇಟ್, ಎರಡನ್ನೂ ಒಟ್ಟಿಗೇ ಕೇಳಿ ಪಡೆಯಿರಿ. ಊರಿಗೆ ಹೋದ ಮೇಲೆ ಇ-ಮೇಲ್‌ನಲ್ಲಿ ಕೇಳಿದರೆ ಉತ್ತರ ಬರುವುದು ಅನುಮಾನ. ಪುಸ್ತಕಗಳನ್ನು ರೈಲಿನಲ್ಲಿ ಹೊತ್ತು ತಂದು ಸೊಂಟ ಹಿಡಿಯಿತು, ಅಂಚೆಯಲ್ಲಿ ಕಳಿಸಬೇಕಿತ್ತು.

2025ರ ಜುಲೈ 6ರಂದು ದೆಹಲಿಯಲ್ಲಿಯೇ ಎನ್2 ಬರೆದು ಊರಿಗೆ ಹೊರಟಿದ್ದೆ. ಆಗಸ್ಟ್ ಕೊನೆಗೆ ಫಲಿತಾಂಶ ಆನ್‌ಲೈನ್‌ನಲ್ಲಿ ಬಂತು: 90 ಬೇಕಿದ್ದಲ್ಲಿ 97, ಕೇಳುವ ವಿಭಾಗದಲ್ಲಿ ಈ ಸಲ 32. ಬೆಂಗಳೂರಿನ ಒಂದು ಕಂಪನಿಯವರು ಆ ಪುಟದ ಪ್ರತಿಯನ್ನೇ ಸದ್ಯಕ್ಕೆ ಒಪ್ಪಿಕೊಂಡು ಅನುವಾದದ ಕೆಲಸಕ್ಕೆ ಕರೆದಿದ್ದಾರೆ. ಕಾಗದದ ಪ್ರಮಾಣಪತ್ರ ಕೈಗೆ ಬರಲು ಇನ್ನೂ ಕೆಲವು ವಾರ ಬೇಕು. ಮೂಲ ಪದವಿ ಪ್ರಮಾಣಪತ್ರವಂತೂ ಘಟಿಕೋತ್ಸವದ ನಂತರ ಅಂಚೆಯಲ್ಲಿ ಬರಬೇಕು. ಅದಕ್ಕೆ ವಿಳಾಸ ಕೊಡುವಾಗ ಪಿನ್‌ಕೋಡಿನ ಜೊತೆಗೆ ಅಪ್ಪನ ಮೊಬೈಲ್ ಸಂಖ್ಯೆಯನ್ನೂ ಬರೆದು ಬಂದಿದ್ದೇನೆ, ಏಕೆಂದರೆ ಟಪಾಲು ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ತೋಟದಲ್ಲಿರುತ್ತಾರೆ.